ಕಕ್ಕಬ್ಬೆಯಲ್ಲೊಂದು ಮನೆ, ಮನೆ ತುಂಬ ಭರಣಿ

ವಿರಾಜಪೇಟೆಯಿಂದ ಕಕ್ಕಬ್ಬೆ ಕಡೆ ಹೊರಟಾಗ ಅಕ್ಟೋಬರ್ ಅರ್ಧ ಕಳೆದಿತ್ತು. ಮಳೆ ಪೂರ್ತಿ ಬಿಟ್ಟಿರಲಿಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್, ಕೊಡಗಿನ ಅತಿ ಎತ್ತರದ ಬೆಟ್ಟ, ಮಂಜಿನಲ್ಲಿ ಕಾಣಲೇ ಇಲ್ಲ. ನಾವು ಬೆಟ್ಟ ಹತ್ತಲು ಬಂದವರಲ್ಲ ಬಿಡಿ. ಗೆಳತಿಯ ಗಂಡನ ಮನೆಯಲ್ಲಿ ವೈನ್ ಹಾಕುತ್ತಾರೆ, ಅದನ್ನು ನೋಡಬೇಕಿತ್ತು.

ಮಡಿಕೇರಿ ಪೇಟೆ ಸುತ್ತಿದವರಿಗೆ 'ಹೋಂಮೇಡ್ ವೈನ್' ಬೋರ್ಡುಗಳು ಗೊತ್ತು. ದ್ರಾಕ್ಷಿ, ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು, ಎಲ್ಲದರ ವೈನೂ ಸಿಗುತ್ತೆ. ಈ ಮನೆಯವರು ಮಾರುವುದಿಲ್ಲ. ದ್ರಾಕ್ಷಿಯನ್ನಂತೂ ಮುಟ್ಟುವುದೇ ಇಲ್ಲ.

"ಈ ಮಳೆಗೆ ದ್ರಾಕ್ಷಿ ಬಳ್ಳಿ ಎಲ್ಲಿ ಉಳಿಯುತ್ತೆ? ಬೂಷ್ಟು ಹಿಡಿಯುತ್ತೆ. ಬಯಲುಸೀಮೆಯಿಂದ ತಂದು ಹಾಕಬಹುದು. ಆದ್ರೆ ಅದು ನಮ್ಮ ತೋಟದ್ದು ಆಗಲ್ಲ ಅಲ್ವಾ?" ಅಂದರು ಮನೆಯ ಅಜ್ಜಿ.

ತೋಟದ ಬೇಲಿಗೆ ಹಬ್ಬಿದ ಪ್ಯಾಷನ್ ಫ್ರೂಟ್ ಈಗಿನ ಹಣ್ಣು. ಚಳಿಗಾಲಕ್ಕೆ ನೆಲ್ಲಿಕಾಯಿ, ಆಮೇಲೆ ಕಿತ್ತಳೆ. ಒಂದು ಭರಣಿಗೆ ಒಂದೇ ಹಣ್ಣು.

ಅಡುಗೆಮನೆ ಹಿಂದಿನ ಕೋಣೆಯಲ್ಲಿ ಅಜ್ಜಿ ಮಣೆ ಹಾಕಿ ಕೂತಿದ್ದರು. ಹಣ್ಣು ಹೋಳು ಮಾಡಿ, ತಿರುಳನ್ನು ಚಮಚದಿಂದ ಕೆರೆದು ಪಾತ್ರೆಗೆ ಹಾಕುತ್ತಿದ್ದರು. ಕೈ ನಿಧಾನ, ಆದರೆ ನಿಲ್ಲುವುದಿಲ್ಲ. ನಾನೂ ಒಂದು ಚಮಚ ಹಿಡಿದೆ. ಬೇಗ ಮುಗಿಸೋಣ ಅಂತ ತಿರುಳನ್ನು ಜೋರಾಗಿ ಹಿಸುಕಿದಾಗ ಅಜ್ಜಿ ಕೈ ಹಿಡಿದರು. "ಬೀಜ ಒಡೀಬಾರದು ಮಗಳೇ, ಕಹಿ ಬಿಡುತ್ತೆ." ಆಮೇಲೆ ನಾನೂ ಅವರಷ್ಟೇ ನಿಧಾನವಾದೆ. ಕೋಣೆಯೆಲ್ಲ ಹುಳಿ-ಸಿಹಿ ಘಮ.

ತುಂಬ ಮನೆಗಳಲ್ಲಿ ಒಂದು ಹಿಡಿ ಗೋಧಿ, ಲವಂಗ, ಚಕ್ಕೆ ಹಾಕುತ್ತಾರೆ. ಇಲ್ಲಿ ಅದ್ಯಾವುದೂ ಇಲ್ಲ. ಏಲಕ್ಕಿ, ಕಾಳುಮೆಣಸು ಮನೆಯಲ್ಲೇ ಬೆಳೆಯುತ್ತೆ, ಆದರೂ ಹಾಕಲ್ಲ. ಹಣ್ಣಿನ ವಾಸನೆ ಮುಚ್ಚಿ ಹೋಗುತ್ತಂತೆ. ಅಂಗಡಿಯ ಯೀಸ್ಟ್ ಕೂಡ ಇಲ್ಲ. ಹಿಂದಿನ ಭರಣಿಯ ತಳದಲ್ಲಿ ಉಳಿದ ಗಸಿ ಒಂದು ಸೌಟು ಹಾಕಿದರೆ ಹುದುಗು ಶುರು. ಆ ಗಸಿಯಲ್ಲೇ ಯೀಸ್ಟ್ ಜೀವಂತ ಇರುತ್ತೆ.

ಸಕ್ಕರೆ ಲೆಕ್ಕ ಗೆಳತಿಯದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಬರುತ್ತೆ. ಅವಳು ಅದನ್ನು ಒಂದೇ ಸಲ ಸುರಿಯುವುದಿಲ್ಲ, ಮೂರು ಕಂತಿನಲ್ಲಿ ಹಾಕುತ್ತಾಳೆ. ಸಕ್ಕರೆ ಒಮ್ಮೆಗೇ ಜಾಸ್ತಿಯಾದರೆ ಯೀಸ್ಟ್ ಸೋತು ಕೆಲಸ ನಿಲ್ಲಿಸಿಬಿಡುತ್ತೆ. ಮೊದಲ ವಾರ ಭರಣಿ ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಮರದ ಸೌಟಿನಿಂದ ಕಲಕಬೇಕು. ಆಮೇಲೆ ಸೋಸಿ, ಕಿರಿದಾದ ಬಾಯಿಯ ಗಾಜಿನ ಬುಡ್ಡಿಗೆ.

ನನಗೆ ಅಲ್ಲಿಂದ ಏಳಲು ಮನಸ್ಸಾಗದಂತೆ ಮಾಡಿದ್ದು ಆ ಬುಡ್ಡಿ. ಬಾಯಿಯ ಬಿರಡೆಗೆ ಒಂದು ರಬ್ಬರ್ ಕೊಳವೆ, ಕೊಳವೆಯ ಇನ್ನೊಂದು ತುದಿ ನೀರಿನ ಲೋಟದಲ್ಲಿ. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಗುಳುಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಳುಕ್. ನಾನು ಎಣಿಸಿದೆ, ಎರಡು ಗುಳ್ಳೆಗಳ ನಡುವೆ ಹನ್ನೊಂದು ಎಣಿಕೆ. "ಇನ್ನೂ ಮಾತಾಡ್ತಾ ಇದೆ. ಅದು ಸುಮ್ನಾಗೋವರೆಗೆ ನಾವು ಮುಟ್ಟಲ್ಲ" ಅಂದರು ಅಜ್ಜಿ. ಇಲ್ಲಿನ ಚಳಿಗೆ ಈ ಮಾತು ನಿಧಾನ. ಬಿಸಿ ಊರಿನಲ್ಲಿ ಬೇಗ ಬೇಗ ಉಕ್ಕಿ ಮುಗಿಯುತ್ತೆ, ಆ ಉಕ್ಕಿನಲ್ಲಿ ಘಮವೂ ಹಾರಿ ಹೋಗುತ್ತೆ.

ಎರಡು ವರ್ಷದ ಹಿಂದೆ ಬಿರಡೆ ಸಡಿಲವಾಗಿ ಒಂದು ಬುಡ್ಡಿ ಪೂರಾ ವಿನೆಗರ್ ಆಯಿತಂತೆ. ಚೆಲ್ಲಲಿಲ್ಲ, ಉಪ್ಪಿನಕಾಯಿಗೆ ಬಳಸಿದರು. ಪಂದಿ ಕರಿಗೆ, ಅಂದರೆ ಕೊಡಗಿನ ಹಂದಿ ಮಾಂಸದ ಸಾರಿಗೆ? ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದರು. "ಪಂದಿಗೆ ಕಾಚಂಪುಳಿ. ಬೇರೆ ಇಲ್ಲ." ಕಾಚಂಪುಳಿ ಅಂದರೆ ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಪ್ಪು ಹುಳಿ.

ಮಧ್ಯಾಹ್ನ ಅದೇ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಜೊತೆಗೆ ಹೋದ ವರ್ಷದ ಪ್ಯಾಷನ್ ಫ್ರೂಟ್ ವೈನ್, ಪುಟ್ಟ ಗ್ಲಾಸಿನಲ್ಲಿ. ಜೇನಿನ ಬಣ್ಣ. ಸಿಹಿ ಇರುತ್ತೆ ಅಂದುಕೊಂಡಿದ್ದೆ, ಇರಲಿಲ್ಲ. ಮೊದಲು ಚುರುಕು ಹುಳಿ, ನುಂಗಿದ ಮೇಲೆ ಬೆಳಿಗ್ಗೆ ಕೆರೆದ ಹಣ್ಣಿನದೇ ಘಮ. ಕೊಬ್ಬಿನ ಮಾಂಸದ ಜೊತೆ ಅಷ್ಟು ಚೆನ್ನಾಗಿ ಹೊಂದುವ ಇನ್ನೊಂದನ್ನು ನಾನು ಕುಡಿದಿಲ್ಲ.

ಹೊರಡುವಾಗ ಒಂದು ಬಾಟಲಿ ಕೇಳಿದೆ. ಅಜ್ಜಿ ಒಳಗೆ ಹೋಗಿ ಕಾಚಂಪುಳಿಯ ಸಣ್ಣ ಶೀಷೆ ತಂದು ಕೈಗಿಟ್ಟರು. ವೈನ್ ಬೇಕಾದರೆ ಸುಗ್ಗಿ ಹಬ್ಬ ಪುತ್ತರಿಗೆ ಬನ್ನಿ, ಇಲ್ಲೇ ಕೂತು ಕುಡೀರಿ ಅಂದರು.