ರೋಡ್ ಬೈಕ್ ಸಾಮಾನು ಗ್ರಾವೆಲ್ ಬೈಕಿಗೆ ಹಾಕೋಕೆ ಹೋಗಿ ಎರಡೂವರೆ ಮಿಲಿಮೀಟರ್‌ಗೆ ಸಿಕ್ಕಾಕೊಂಡಿದ್ದು

ಗ್ರಾವೆಲ್ ಬೈಕ್, ಅಂದ್ರೆ ಮಣ್ಣು ಜಲ್ಲಿ ರಸ್ತೇಲಿ ಓಡಿಸೋ ದಪ್ಪ ಟೈರಿನ ಸೈಕಲ್ಲು, ಪೂರ್ತಿ ತಗೊಳ್ಲಿಲ್ಲ ನಾನು, ಬರೀ ಫ್ರೇಮು ಫೋರ್ಕು ಅಷ್ಟೇ. ಮಿಕ್ಕಿದ್ದೆಲ್ಲ ಹಳೇ ರೋಡ್ ಬೈಕಿಂದ ಬಿಚ್ಚಿ ಹಾಕಿದ್ರಾಯ್ತು, ಒಂದು ಭಾನುವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ. ಶಿಮಾನೊ ಕಂಪನಿಯ 105 ಗ್ರೂಪ್‌ಸೆಟ್ (ಗೇರ್ ಬ್ರೇಕ್ ಸಾಮಾನಿನ ಸೆಟ್ಟು), 11 ಸ್ಪೀಡು ಅಂದ್ರೆ ಹಿಂದೆ 11 ಗೇರು, ಹೈಡ್ರಾಲಿಕ್ ಡಿಸ್ಕು, ಮುಂದೆ 50/34 ಅಂದ್ರೆ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್, ಎಲ್ಲಾ ಇನ್ನೂ ಗಟ್ಟಿಮುಟ್ಟಾಗೇ ಇತ್ತು. ಎರಡಕ್ಕೂ ಡ್ರಾಪ್ ಹ್ಯಾಂಡಲ್ಲೇ, ಎರಡಕ್ಕೂ ಹಿಂದೆ 142, ಮುಂದೆ 100ರ 12 ಮಿಲಿಮೀಟರ್ ಥ್ರೂ ಆಕ್ಸಲ್ಲೇ (ಚಕ್ರದ ಮಧ್ಯ ತೂರೋ ಕಂಬಿ), ದೂರದಿಂದ ನೋಡಿದ್ರೆ ಅಣ್ಣ ತಮ್ಮ ನಿಂತಂಗಿರತ್ತೆ. ಆದ್ರೆ ಒಂದು ಭಾನುವಾರ ಅಂದಿದ್ದು ನಾಲ್ಕು ಭಾನುವಾರ ಆಯ್ತು.

ಮೊದಲು ಸುಲಭದ್ದು ಹೇಳ್ತೀನಿ. ಶಿಫ್ಟರ್, ಬ್ರೇಕ್ ಕ್ಯಾಲಿಪರ್, ಸ್ಟೆಮ್ಮು, ಸೀಟು ಯಾವ್ದೂ ತಕರಾರು ಮಾಡ್ಲಿಲ್ಲ. ಕ್ಯಾಲಿಪರ್ ಕೂರೋ ರೀತಿ ಎರಡು ಬೈಕಲ್ಲೂ ಒಂದೇ, ಫ್ಲಾಟ್ ಮೌಂಟು, ಹಂಗಾಗಿ ಕೂತ್ಕೊಂಡ್ವು. ನಿಮ್ಮದು ರಿಮ್ ಬ್ರೇಕ್ ರೋಡ್ ಬೈಕ್ ಆಗಿದ್ರೆ ಆ ಆಸೆ ಬಿಟ್ಬಿಡಿ, ಗ್ರಾವೆಲ್ ಫ್ರೇಮಲ್ಲಿ ಅದನ್ನ ಕೂರಿಸೋಕೆ ಜಾಗಾನೇ ಇರಲ್ಲ. ಶಿಮಾನೊ 2019ರಲ್ಲಿ ಜಿಆರ್‌ಎಕ್ಸ್ ಅಂತ ಗ್ರಾವೆಲ್‌ಗೇ ಬೇರೆ ಗ್ರೂಪ್‌ಸೆಟ್ ತಂತಲ್ಲ, ಅದ್ರ 11 ಸ್ಪೀಡ್ ಮೆಕ್ಯಾನಿಕಲ್ ಹಿಂದಿನ ಡಿರೇಲರ್ರೂ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ರೋಡ್ 11 ಸ್ಪೀಡ್ ಡಿರೇಲರ್ರೂ ಒಂದು ಗೇರಿಗೆ ಎಳೆಯೋ ಕೇಬಲ್ ಅಳತೆ ಒಂದೇ, ಅದಕ್ಕೇ 105 ಶಿಫ್ಟರ್‌ಗೆ ಜಿಆರ್‌ಎಕ್ಸ್ ಡಿರೇಲರ್ ಆರಾಮಾಗಿ ಒಗ್ಗತ್ತೆ. ಮೌಂಟನ್ ಬೈಕ್ 11 ಸ್ಪೀಡ್ ಡಿರೇಲರ್ ಮಾತ್ರ ಒಗ್ಗಲ್ಲ, ಅದ್ರ ಎಳೆತ ಬೇರೆ, ಮಧ್ಯ ಇನ್ನೊಂದು ಅಡಾಪ್ಟರ್ ತುರುಕ್ಬೇಕು, ನಂಗೆ ಆ ಉಸಾಬರಿ ಬೇಡ ಅನ್ನಿಸ್ತು.

ಈಗ ಕಷ್ಟದ್ದು. ದಿಬ್ಬ ಹತ್ತೋಕೆ ಆಗ್ಲಿ ಅಂತ ಹಿಂದುಗಡೆ 11-34 ಕ್ಯಾಸೆಟ್ (11ರಿಂದ 34 ಹಲ್ಲಿನವರ್ಗೂ ಇರೋ ಗೇರ್ ಚಕ್ರಗಳ ಗುಚ್ಛ) ತಗೊಂಡಿದ್ದೆ. ಹಿಂದಿನ ಚಕ್ರದ ಫ್ರೀಹಬ್ (ಕ್ಯಾಸೆಟ್ ಕೂರೋ ಭಾಗ) ಮೇಲೆ ಕೂರಿಸಿ, ಲಾಕ್‌ರಿಂಗ್ ಹಾಕಿ, ಇನ್ನು ತಿರುಗಲ್ಲ ಅನ್ನೋವರ್ಗೂ ಟೈಟ್ ಮಾಡ್ದೆ. ಆಮೇಲೆ ದೊಡ್ಡ ಹಲ್ಲಿನ ಚಕ್ರ ಹಿಡಿದು ಅಲ್ಲಾಡಿಸಿ ನೋಡ್ತೀನಿ, ಟಕ್ ಟಕ್ ಟಕ್. ಬಿಚ್ಚಿ ಮತ್ತೆ ಹಾಕ್ದೆ, ಗ್ರೀಸ್ ಒರೆಸಿ ಹಾಕ್ದೆ, ಇನ್ನೂ ಟಕ್ ಟಕ್. ಹಬ್ಬೇ ಸವೆದು ಹೋಗಿದೆ ಅಂತ ತೀರ್ಮಾನ ಮಾಡಿ ಹೊಸ ಹಬ್ ಹುಡುಕೋಕೆ ಶುರು ಮಾಡ್ಬಿಟ್ಟಿದ್ದೆ ನೋಡಿ. ಕೊನೆಗೆ ಕ್ಯಾಸೆಟ್ ಬಂದ ಡಬ್ಬ ಬಿಸಾಕೋಕೆ ಹೋದಾಗ ಒಳಗಿಂದ ಕಿಣ್ ಅಂತ ಒಂದು ತೆಳ್ಳಗಿನ ಬಳೆ ಬಿತ್ತು. 1.85 ಮಿಲಿಮೀಟರ್ ಸ್ಪೇಸರ್. ಎಚ್‌ಜಿ700, ಎಚ್‌ಜಿ800 ಅನ್ನೋ ಈ 11-34 ಕ್ಯಾಸೆಟ್‌ಗಳು ಹಳೇ 8, 9, 10 ಸ್ಪೀಡ್ ಫ್ರೀಹಬ್ ಅಗಲಕ್ಕೆ ಮಾಡಿರೋವು, 11 ಸ್ಪೀಡ್ ರೋಡ್ ಫ್ರೀಹಬ್ ಅದಕ್ಕಿಂತ ಉದ್ದ, ಮೊದಲು ಈ ಬಳೆ ತೂರಿಸಿ ಆಮೇಲೆ ಕ್ಯಾಸೆಟ್ ಹಾಕ್ಬೇಕು. ಹಾಕ್ದೆ, ಸದ್ದಿಲ್ಲ. ಡಬ್ಬ ಮೊದಲೇ ಅಲ್ಲಾಡಿಸಿ ನೋಡಿದ್ರೆ ಒಂದು ಭಾನುವಾರ ಉಳೀತಿತ್ತು.

ಎರಡನೇದು ಕ್ರ್ಯಾಂಕು, ಅಂದ್ರೆ ಪೆಡಲ್ ತೋಳು, ಮುಂದಿನ ಚೈನ್‌ರಿಂಗ್ ಇರೋ ಭಾಗ. ಇದೇ ದೊಡ್ಡ ಪಜೀತಿ. ಫ್ರೇಮ್ ಜೊತೆ ಬಂದ ಚೀಟೀಲಿ ಮುಂದೆ ಎರಡು ಚೈನ್‌ರಿಂಗ್ ಹಾಕೋದಾದ್ರೆ 46/30 ವರ್ಗೂ ಅಂತ ಬರೆದಿತ್ತು, ನಾನು ಟೈರ್ ಎಷ್ಟು ಅಗಲ ಹಿಡಿಯತ್ತೆ ಅನ್ನೋದಷ್ಟೇ ಓದಿ ಮಡಚಿ ಇಟ್ಟಿದ್ದೆ. 50ರ ಚೈನ್‌ರಿಂಗ್ ಹಾಕ್ದಾಗ ಚೈನ್ ಸ್ಟೇ (ಪೆಡಲ್ ಹತ್ರದಿಂದ ಹಿಂದಿನ ಚಕ್ರಕ್ಕೆ ಹೋಗೋ ಫ್ರೇಮಿನ ಕೊಳವೆ) ಪಕ್ಕ ಒಂದು ಮಡಚಿದ ಕಾಗದ ತೂರೋಷ್ಟು ಸಂದಿ ಇತ್ತು. ತಾಗ್ತಿಲ್ವಲ್ಲ ಸಾಕು ಬಿಡು ಅಂದ್ಕೊಂಡೆ. ಸ್ಟ್ಯಾಂಡ್ ಮೇಲೆ ತಾಗಲ್ಲ ಗುರು, ಎದ್ದು ನಿಂತು ಮೈಭಾರ ಹಾಕಿ ಪೆಡಲ್ ತುಳಿದಾಗ ಫ್ರೇಮು ಕ್ರ್ಯಾಂಕು ಎರಡೂ ಒಂಚೂರು ಬಾಗತ್ತೆ, ಆವಾಗ ತಾಗತ್ತೆ. ಮೊದಲ ಏರಲ್ಲೇ ಕರ್ ಕರ್ ಅಂತು, ಇಳಿದು ನೋಡಿದ್ರೆ ಹೊಸ ಫ್ರೇಮಿನ ಬಣ್ಣ ಅರ್ಧಚಂದ್ರಾಕಾರಕ್ಕೆ ಎದ್ದು ಬಂದಿದೆ. ಹೊಟ್ಟೆ ಉರಿದು ಹೋಯ್ತು.

ವಿಷಯ ಏನಂದ್ರೆ ಗ್ರಾವೆಲ್ ಫ್ರೇಮಲ್ಲಿ ದಪ್ಪ ಟೈರಿಗೆ ಜಾಗ ಬೇಕು ಅಂತ ಚೈನ್ ಸ್ಟೇ ಹೊರಗಡೆಗೆ ಉಬ್ಬಿರತ್ತೆ. ಜಿಆರ್‌ಎಕ್ಸ್ ಕ್ರ್ಯಾಂಕಲ್ಲಿ ಚೈನ್‌ರಿಂಗ್‌ಗಳನ್ನ ರೋಡ್ ಕ್ರ್ಯಾಂಕಿಗಿಂತ 2.5 ಮಿಲಿಮೀಟರ್ ಹೊರಗೆ ಇಟ್ಟಿದಾರೆ, ಮುಂದಿನ ಡಿರೇಲರ್ರೂ ಅಷ್ಟೇ ಹೊರಗೆ. ರೋಡ್ ಡಿರೇಲರ್ ಹಾಗೇ ಇಟ್ಕೊಂಡು ಕ್ರ್ಯಾಂಕ್ ಮಾತ್ರ ಬದಲಾಯಿಸ್ತೀನಿ ಅಂದ್ರೆ ಲೆಕ್ಕ ತಪ್ಪತ್ತೆ, ಎರಡೂ ಜೋಡೀಲೇ ತಗೋಬೇಕು. ನಾನು ಜಿಆರ್‌ಎಕ್ಸ್‌ನ ಆರ್‌ಎಕ್ಸ್600 ಅನ್ನೋ ಮಾಡೆಲ್‌ನ 46/30 ಕ್ರ್ಯಾಂಕು, ಜೊತೆಗೆ ಜಿಆರ್‌ಎಕ್ಸ್ ಮುಂದಿನ ಡಿರೇಲರ್ ತಗೊಂಡೆ. ಆಕ್ಸಲ್ 24 ಮಿಲಿಮೀಟರ್ರೇ ಆದ್ರಿಂದ ಅದೇ ಬಾಟಮ್ ಬ್ರಾಕೆಟ್‌ಗೆ (ಕ್ರ್ಯಾಂಕ್ ತಿರುಗೋ ಬೇರಿಂಗ್) ತೂರ್ತು. ಆರ್‌ಎಕ್ಸ್600 ಹೆಸರಲ್ಲಿ 10 ಸ್ಪೀಡಿಂದೂ ಇದೆ 11 ಸ್ಪೀಡಿಂದೂ ಇದೆ, ನಂಬರ್ ಕೊನೇಲಿ ನೋಡ್ಕೊಳ್ಳಿ.

ನಿಜ ಹೇಳ್ಬೇಕಂದ್ರೆ ಫ್ರೇಮಿಗೆ ತಾಗ್ದೇ ಇದ್ದಿದ್ರೂ 50/34 ತೆಗೀಲೇಬೇಕಿತ್ತು. 700x25 ಟೈರ್ ಒಂದು ಸುತ್ತಿಗೆ ಸುಮಾರು 2105 ಮಿಲಿಮೀಟರ್ ಹೋಗತ್ತೆ, 700x40 ಟೈರ್ ಸುಮಾರು 2200. ಅಂದ್ರೆ ದಪ್ಪ ಟೈರ್ ಹಾಕಿದ ತಕ್ಷಣ ಎಲ್ಲಾ ಗೇರೂ ನಾಲ್ಕೂವರೆ ಪರ್ಸೆಂಟ್ ಭಾರ ಆಯ್ತು, ಒಂದು ಹಲ್ಲೂ ಬದಲಾಯಿಸದೇನೇ. ಡಾಂಬರ್ ರಸ್ತೇಲಿ 34-34 (ಮುಂದೆ 34, ಹಿಂದೆ 34 ಹಲ್ಲು) ಸಾಕಾಗ್ತಿದ್ದ ಮನುಷ್ಯಂಗೆ ಜಲ್ಲಿ ಏರಲ್ಲಿ ಅದೇ ಗೇರು ಇನ್ನೂ ಭಾರ, ಮೇಲಾಗಿ ಅಲ್ಲಿ ಎದ್ದು ನಿಂತು ತುಳಿಯೋಕೂ ಆಗಲ್ಲ, ನಿಂತ್ರೆ ಹಿಂದಿನ ಚಕ್ರ ಜಾರತ್ತೆ, ಕೂತೇ ತುಳೀಬೇಕು. 30-34ಕ್ಕೆ ಬಂದ್ಮೇಲೆ ಪೆಡಲ್ ಒಂದು ಸುತ್ತಿಗೆ 1940 ಚಿಲ್ಲರೆ ಮಿಲಿಮೀಟರ್, ಮಂಡಿ ಬದುಕ್ಕೊಂಡ್ವು. ಸ್ಪೀಡ್ ಹೋಗತ್ತಲ್ಲ ಅಂತೀರಾ? 46-11ರಲ್ಲಿ ನಿಮಿಷಕ್ಕೆ 90 ಸಲ ತುಳಿದ್ರೆ ಹತ್ತಹತ್ರ 50 ಕಿಲೋಮೀಟರ್ ಸ್ಪೀಡು. ಮಣ್ಣು ರಸ್ತೇಲಿ ಅದಕ್ಕಿಂತ ಜೋರು ಹೋಗೋ ಧೈರ್ಯ ನಂಗಿಲ್ಲ. ಹಾಂ, ಸೈಕಲ್ ಮೀಟರಲ್ಲಿ ಚಕ್ರದ ಸುತ್ತಳತೆ ಬದಲಾಯಿಸೋದು ಮರೀಬೇಡಿ, ನಾನು ಮರೆತು ಎರಡು ವಾರ ಕಮ್ಮಿ ಓಡಿದೀನಿ ಅಂತ ನಂಬ್ಕೊಂಡಿದ್ದೆ.

ಹಿಂದಿನ ಡಿರೇಲರ್ ಇನ್ನೂ ಹಳೇದೇ ಇದೆ. ಉದ್ದ ಕೇಜಿಂದು (ಚೈನ್ ಎಳೆದು ಹಿಡಿಯೋ ತೋಳು), 34 ಹಲ್ಲು ನುಂಗತ್ತೆ, ಶಿಫ್ಟಿಂಗ್‌ಗೆ ಏನೂ ತೊಂದ್ರೆ ಇಲ್ಲ. ಇಲ್ಲದೇ ಇರೋದು ಕ್ಲಚ್ಚು. ಜಿಆರ್‌ಎಕ್ಸ್ ಡಿರೇಲರ್‌ಗೆ ಪಕ್ಕದಲ್ಲಿ ಒಂದು ಚಿಕ್ಕ ಲಿವರ್ ಇರತ್ತೆ, ಅದು ಆನ್ ಇದ್ರೆ ಕೇಜು ಹಿಂದಕ್ಕೂ ಮುಂದಕ್ಕೂ ತೂಗಾಡಲ್ಲ, ಚೈನ್ ಬಿಗಿಯಾಗಿರತ್ತೆ. ನಂದ್ರಲ್ಲಿ ಅದಿಲ್ದೇ ಕಲ್ಲು ರಸ್ತೆ ಇಳಿಯೋವಾಗ ಚೈನು ಫ್ರೇಮಿಗೆ ಪಟಪಟ ಹೊಡ್ಕೊಳತ್ತೆ, ಹಳೇ ಟ್ಯೂಬ್ ಕತ್ತರಿಸಿ ಚೈನ್ ಸ್ಟೇಗೆ ಸುತ್ತಿದೀನಿ. ಇಳಿಯೋಕೆ ಮುಂಚೆ ದೊಡ್ಡ ಚೈನ್‌ರಿಂಗ್‌ಗೆ ಹಾಕ್ಕೊಂಡ್ರೆ ಚೈನ್ ಎಳೆದಂಗಿದ್ದು ಸ್ವಲ್ಪ ವಾಸಿ, ಆದ್ರೂ ಎರಡು ಸಲ ಕಳಚಿ ಬಿದ್ದಿದೆ. ಮುಂದಿನ ಖರ್ಚು ಅದೇ, ಕ್ಲಚ್ ಇರೋ ಜಿಆರ್‌ಎಕ್ಸ್ ಡಿರೇಲರ್ ಆರ್‌ಎಕ್ಸ್810.

ಪೆಡಲ್ ವಿಷಯ ಒಂದೇ ಮಾತು, ರೋಡ್ ಪೆಡಲ್ ಬೇಡ. ಸೈಕಲ್ ತಳ್ಕೊಂಡು ಕೆಸರಲ್ಲಿ ಹತ್ತು ಹೆಜ್ಜೆ ಹಾಕಿದ್ರೆ ಶೂ ತಳದ ಕ್ಲೀಟ್ (ಪೆಡಲ್‌ಗೆ ಕಚ್ಕೊಳೋ ತುಂಡು) ತುಂಬಾ ಮಣ್ಣು, ಆಮೇಲೆ ಎಷ್ಟು ಒದ್ದರೂ ಕಚ್ಕೊಳಲ್ಲ. ಎರಡು ಬೋಲ್ಟಿನ ಚಿಕ್ಕ ಕ್ಲೀಟ್ ಇರೋ ಎಸ್‌ಪಿಡಿ ಪೆಡಲ್ ಹಾಕ್ಕೊಂಡೆ, ನೆಟ್ಟಗೆ ನಡೆಯೋಕಾದ್ರೂ ಬರತ್ತೆ.

ಹಳೇ 50/34 ಕ್ರ್ಯಾಂಕ್ ಮಾರೋಣ ಅಂತ ಒರೆಸಿ ಫೋಟೋ ತೆಗೆಯೋಕೆ ಹೋದೆ, ದೊಡ್ಡ ಚೈನ್‌ರಿಂಗ್ ಹಲ್ಲುಗಳ ಸಂದೀಲಿ ನನ್ನ ಫ್ರೇಮಿನ ಹಸಿರು ಬಣ್ಣ ಇನ್ನೂ ಅಂಟ್ಕೊಂಡಿದೆ. ಸದ್ಯಕ್ಕೆ ಗೋಡೆ ಮೊಳೆಗೆ ನೇತಾಕಿದೀನಿ.