ಹರಾಜಿನಲ್ಲಿ ಬಂದ ಬೆಲೆಯೇ ಲಾಭವಲ್ಲ

ಅಮೆರಿಕದ ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜಿಗೆ ಇಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಮಾರಾಟ ಶುಲ್ಕ ಬರೀ ಹರಾಜಿನ ಬೆಲೆಯ ಮೇಲಲ್ಲ, ಸಾಗಣೆ ಮತ್ತು ಮಾರಾಟ ತೆರಿಗೆಯನ್ನೂ ಸೇರಿಸಿದ ಒಟ್ಟು ಮೊತ್ತದ ಮೇಲೆ ಬೀಳುತ್ತದೆ. ತೆರಿಗೆ ನಮ್ಮ ಕೈಗೆ ಬರುವುದೇ ಇಲ್ಲ, ಆದರೂ ಅದಕ್ಕೂ ಶುಲ್ಕ!

25 ಡಾಲರಿಗೆ ಕೊಂಡ ಹಳೇ ಫಿಲ್ಮ್ ಕ್ಯಾಮೆರಾ 50ಕ್ಕೆ ಹೋಯಿತು ಅನ್ನಿ. ಕೊಳ್ಳುವವರು ಕೊಡುವ ಸಾಗಣೆ 10, ತೆರಿಗೆ 5; ಒಟ್ಟು 65. ಇಬೇ ಶುಲ್ಕ ಶೇ. 13.6ರಂತೆ 8.84, ಜೊತೆಗೆ ಆರ್ಡರಿಗೆ 40 ಸೆಂಟ್. ಅಂಚೆ ಲೇಬಲ್ಲಿಗೆ 11.50, ಡಬ್ಬ-ಬಬಲ್ ರ್‍ಯಾಪಿಗೆ 1.50. ತೆರಿಗೆ ಬಿಟ್ಟು ಬರುವ 60ರಲ್ಲಿ ಇವನ್ನೂ ಕ್ಯಾಮೆರಾದ 25ನ್ನೂ ಕಳೆದರೆ ಉಳಿಯುವುದು 12.76. ಒಟ್ಟು ಮೊತ್ತದ ಶೇ. 5 ಕೊಟ್ಟು ಇಬೇನಲ್ಲಿ ಜಾಹೀರಾತು ಹಾಕಿದ್ದರೆ ಇನ್ನೂ 3.25 ಹೋಗಿ 9.51.

ಸಾಗಣೆಗೆಂದು 10 ಪಡೆದು ಲೇಬಲ್ಲಿಗೆ 11.50 ಕೊಟ್ಟು ಆದ ಆ ಒಂದೂವರೆ ಡಾಲರ್ ನಷ್ಟ ತಪ್ಪಿಸಬಹುದಿತ್ತು. ಬರೀ ಕ್ಯಾಮೆರಾವನ್ನಲ್ಲ, ಡಬ್ಬ ಕಟ್ಟಿ ಟೇಪ್ ಸುತ್ತಿದ ಮೇಲೆ ತೂಗಿ, ಉದ್ದ-ಅಗಲ-ಎತ್ತರ ಅಳೆದು, ಆಮೇಲೆ ದರ ನಮೂದಿಸಿ.

ಇದೇ ಲೆಕ್ಕದಲ್ಲಿ ಆರಂಭಿಕ ಬೆಲೆ 36ಕ್ಕಿಂತ ಕೆಳಗಿದ್ದರೆ, ಜಾಹೀರಾತಿದ್ದರೆ 39ಕ್ಕಿಂತ ಕೆಳಗಿದ್ದರೆ, ಒಬ್ಬನೇ ಬಿಡ್ ಮಾಡಿದ ದಿನ ಕೈಯಿಂದ ಕಟ್ಟಬೇಕಾಗುತ್ತದೆ. ‘ವಿವರಣೆಯಂತಿಲ್ಲ’ ಎಂದು ವಾಪಸ್ ಬಂದರಂತೂ ಎರಡೂ ಕಡೆಯ ಸಾಗಣೆ ಮಾರುವವರ ತಲೆಗೇ. ಹಾಗಾಗಿ ಲೆನ್ಸಿನ ಬೂಷ್ಟು, ಶಟರಿನ ತೊಂದರೆ ಎಲ್ಲವನ್ನೂ ಫೋಟೊ ಸಮೇತ ಮೊದಲೇ ಬರೆದುಬಿಡಿ.