ಮಾತ್ರೆ ಮಾಡಲು ಹೋಗಿ ಪೇಡ ಮಾಡಿದೆ

ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಎಂಜಿ, 40/75 (40 ಡಿಗ್ರಿ, 75% ತೇವದ ಚೇಂಬರ್), ಒಂದು ತಿಂಗಳ ಪುಲ್, ಅಂದರೆ ತಿಂಗಳು ಒಳಗಿಟ್ಟು ಪರೀಕ್ಷೆಗೆ ಹೊರತೆಗೆದ ಮಾದರಿ. ಬಾಟಲಿ ಬಗ್ಗಿಸಿ ಬಿಳಿ ಕಾಗದದ ಮೇಲೆ ಮಾತ್ರೆ ಸುರಿದೆ. ಕಾಗದ ಮಾತ್ರ ಬಿಳಿ. ಮಾತ್ರೆಗೆ ಹಳೇ ಗೋಡೆಯ ಬಣ್ಣ, ಅಂಚಿನಲ್ಲಿ ಅಲ್ಲಲ್ಲಿ ಕಂದು ಚುಕ್ಕೆ. ಕ್ಯೂಸಿ (ಗುಣಮಟ್ಟ ಪರೀಕ್ಷೆ) ಹುಡುಗ ಇಣುಕಿ ನೋಡಿ, "ಏನ್ ಮೇಡಂ, ಧಾರವಾಡ ಪೇಡ ಮಾಡಿದ್ದೀರಾ?" ಅಂದ.

ನನಗೆ ನಗು ಬರಲಿಲ್ಲ. "ಲೈಟ್‌ಗೆ ಆಗಿರುತ್ತೆ" ಅಂದುಬಿಟ್ಟೆ. ಅಮ್ಲೋಡಿಪಿನ್‌ಗೆ ಬೆಳಕು ಆಗಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮ ಬಾಸ್‌ಗಂತೂ ಖುಷಿಯೋ ಖುಷಿ. ಪ್ಯಾಕ್ ಬದಲಿಸಿದರೆ ಮುಗೀತು, ಫಾರ್ಮುಲಾ ಮುಟ್ಟೋದೇ ಬೇಡ ಅಲ್ವಾ! ಚೇಂಬರ್ ಬಾಗಿಲು ಹಾಕಿದರೆ ಒಳಗೆ ಕತ್ತಲೆ ಅನ್ನೋದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಎಚ್‌ಪಿಎಲ್‌ಸಿ ಮುಂದೆ ನಿಂತೆ, ಮಾತ್ರೆಯಲ್ಲಿರೋದನ್ನೆಲ್ಲ ಬಿಡಿಸಿ ಗೆರೆಯ ಮೇಲೆ ಒಂದೊಂದು ಪೀಕ್ ಆಗಿ ತೋರಿಸುವ ಯಂತ್ರ ಅದು. ಬೆಳಕಿನಿಂದ ಕೆಟ್ಟಿದ್ದರೆ ಇಂಪ್ಯುರಿಟಿ ಡಿ ಅನ್ನೋ ಕಲ್ಮಶದ ಪೀಕ್ ಏಳಬೇಕು. ಆ ಜಾಗದಲ್ಲಿ ಗೆರೆ ಮಲಗಿಯೇ ಇತ್ತು. ಉಸಿರು ಬಿಟ್ಟೆ. ಮುಂದಿನ ನಿಮಿಷದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಪೀಕ್ ಮೆಲ್ಲಗೆ ತಲೆ ಎತ್ತಿತು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಆಗ ಪೇಡ ನೆನಪಾಯಿತು. ಖೋವಾ ಹುರಿದಾಗ ಹಾಲಿನ ಸಕ್ಕರೆ ಪ್ರೋಟೀನಿನ ಅಮೈನ್ (ಸಾರಜನಕ ಇರುವ ಗುಂಪು) ಜೊತೆ ಸೇರಿ ಕಂದಾಗುತ್ತದೆ. ಅಮ್ಲೋಡಿಪಿನ್‌ಗೂ ಪ್ರೈಮರಿ ಅಮೈನ್ ಇದೆ. ನಮ್ಮ ಫಿಲ್ಲರ್ (ಮಾತ್ರೆಯ ಗಾತ್ರ ತುಂಬಿಸುವ ಪುಡಿ) ಲ್ಯಾಕ್ಟೋಸ್, ಅದೇ ಹಾಲಿನ ಸಕ್ಕರೆ. ಸ್ಟೋರ್‌ನಲ್ಲಿ ಚೀಲಗಟ್ಟಲೆ ಬಿದ್ದಿದೆ, ಅದನ್ನೇ ಹಾಕಿ ಅಂತ ಪರ್ಚೇಸ್‌ನವರ ಒತ್ತಾಯ. ಹೂಂ ಅಂದವಳು ನಾನೇ.

ಔಷಧಿಗೂ ಉಳಿದ ಪುಡಿಗಳಿಗೂ ಹೊಂದುತ್ತೆ ಅನ್ನೋ ಕಂಪ್ಯಾಟಿಬಿಲಿಟಿ ರಿಪೋರ್ಟ್‌ಗೆ ಸಹಿ ಹಾಕಿದವಳೂ ನಾನೇ. ಡಿಎಸ್‌ಸಿಯಲ್ಲಿ (ಪುಡಿ ಕಾಯಿಸಿ ಬದಲಾವಣೆ ನೋಡುವ ಪರೀಕ್ಷೆ) ಏನೂ ಕಾಣಲಿಲ್ಲ ಅಂತ ಬರೆದಿದ್ದೆ. ಕೆಲವೇ ಮಿಲಿಗ್ರಾಂ ಒಣ ಪುಡಿ, ನಿಮಿಷಕ್ಕೆ 10 ಡಿಗ್ರಿ, 20 ನಿಮಿಷದಲ್ಲಿ ಆಟ ಮುಗೀತು. ತಿಂಗಳುಗಟ್ಟಲೆ ತೇವದಲ್ಲಿ ನಡೆಯೋದು ಅದರಲ್ಲಿ ಎಲ್ಲಿ ಕಾಣಬೇಕು? ಔಷಧಿ ಬೆರೆಸಿದ ವಯಲ್‌ಗಳನ್ನೂ (ಪುಟ್ಟ ಗಾಜಿನ ಸೀಸೆ) ಇಟ್ಟಿದ್ದೆ, ನಿಜ. ಲ್ಯಾಕ್ಟೋಸ್ ಜೊತೆ ಒಂದು, ಮೆಗ್ನೀಸಿಯಂ ಸ್ಟಿಯರೇಟ್ (ಮಾತ್ರೆ ಯಂತ್ರಕ್ಕೆ ಅಂಟದಂತೆ ಹಾಕುವ ಪುಡಿ) ಜೊತೆ ಇನ್ನೊಂದು. ಎರಡೂ ಮುಚ್ಚಳ ಹಾಕಿದ್ದು, ಎರಡೂ ಒಣ. 5% ನೀರು ಹಾಕಿದರೆ ಪುಡಿ ಗಾಜಿಗೆ ಮೆತ್ತಿಕೊಳ್ಳುತ್ತೆ, ತೂಕ ಮಾಡೋದು ರಗಳೆ ಅಂತ ಬಿಟ್ಟಿದ್ದೆ. ಆದರೆ ಮಾತ್ರೆ ಮಾಡಿದ್ದು ಪುಡಿಯನ್ನು ಒದ್ದೆ ಮಾಡಿ ಕಾಳು ಕಟ್ಟಿಸುವ ವೆಟ್ ಗ್ರ್ಯಾನ್ಯುಲೇಷನ್‌ನಲ್ಲಿ! ಅಲ್ಲಿ ಔಷಧಿ, ಲ್ಯಾಕ್ಟೋಸ್, ಸ್ಟಿಯರೇಟ್, ಉಳಿದ ತೇವ ಎಲ್ಲಾ ಒಂದೇ ಮನೆಯಲ್ಲಿ. ಸ್ಟಿಯರೇಟ್ ಸ್ವಲ್ಪ ಕ್ಷಾರದ ಕಡೆಯದ್ದು, ಈ ಜಗಳಕ್ಕೆ ಅದು ತುಪ್ಪ ಸುರಿಯುತ್ತೆ.

ಮೂರನ್ನೂ ಕಲಸಿ, ನೀರು ಹಾಕಿ, ವಯಲ್‌ಗಳನ್ನು 60 ಡಿಗ್ರಿಯಲ್ಲಿಟ್ಟೆ. ಅರ್ಧದಷ್ಟಕ್ಕೆ ಫಾಯಿಲ್ ಸುತ್ತಿದ್ದೆ. ಫಾಯಿಲ್ ಇದ್ದದ್ದೂ ಇಲ್ಲದ್ದೂ ಒಂದೇ ಥರ ಕಂದಾದವು. ಲೈಟ್ ಕಥೆ ಅಲ್ಲಿಗೆ ಮುಗಿಯಿತು. ಅಮ್ಲೋಡಿಪಿನ್‌ನ ಮೂಲ ಬ್ರ್ಯಾಂಡ್ ನಾರ್ವಾಸ್ಕ್‌ನ ಲೀಫ್‌ಲೆಟ್ ತೆರೆದು ನೋಡಿದರೆ ಲ್ಯಾಕ್ಟೋಸ್ ಹೆಸರೇ ಇಲ್ಲ. ಎಂಸಿಸಿ (ಸೆಲ್ಯುಲೋಸ್ ಪುಡಿ), ಡೈಬೇಸಿಕ್ ಕ್ಯಾಲ್ಸಿಯಂ ಫಾಸ್ಫೇಟ್ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದಿದೆ. ಎರಡು ನಿಮಿಷದ ಕೆಲಸ.

ಈಗ ಅದೇ ಎರಡರ ಮೇಲೆ ಹೊಸ ಟ್ರಯಲ್ ಹಾಕಿದ್ದೇವೆ. ಲ್ಯಾಕ್ಟೋಸ್ ಚೀಲಗಳು ಹಾಗೇ ಕೂತಿವೆ. ಕ್ಯಾಂಟೀನ್‌ನಲ್ಲಿ ಸಿಕ್ಕಾಗಲೆಲ್ಲ ಪರ್ಚೇಸ್‌ನವರದ್ದು ಒಂದೇ ಪ್ರಶ್ನೆ: "ಮೇಡಂ, ನಿಮ್ಮ ಸಕ್ಕರೆ ಯಾವಾಗ ಎತ್ತಿಸ್ತೀರಿ?"